ಗೂಗಿ ಹೊಕ್ಕ ಸಾಲಿ

ಗೂಬೆ ಹುಡುಕಲು ಹೊರಟವರು ಮೊದಲು ಕತ್ತು ಮೇಲೆತ್ತುತ್ತಾರೆ. ನಾನೂ ಎತ್ತಿದ್ದೆ. "ಅಕ್ಕಾ, ಮ್ಯಾಲ ನೋಡಿದ್ರ ಬರೇ ಎಲಿ ಕಾಣ್ತಾವ. ಮೊದಲ ಕೆಳಗ ನೋಡ್ರಿ," ಎಂದಳು ಯಶೋಧರಾ. ನೋಡಿದೆ. ಹುಣಸೆ ಮರದ ಬುಡದಲ್ಲಿ, ಒಂದು ಬೇರಿನ ಮೇಲೆ, ಯಾರೋ ಸುಣ್ಣದ ಕುಂಚ ಜಾಡಿಸಿದಂತೆ ಬಿಳಿ ಹಿಕ್ಕೆಯ ಕಲೆಗಳು ಬಿದ್ದಿದ್ದವು. ಅದರ ನೇರಕ್ಕೆ ಮೇಲೆ ಒಂದು ಪೊಟರೆ. ಪೊಟರೆಯ ಬಾಯಲ್ಲಿ ತೊಗಟೆಯ ಬಣ್ಣದ ಒಂದು ಮುದ್ದೆ, ಅದಕ್ಕೆ ಎರಡು ಹಳದಿ ಕಣ್ಣು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಶಾಲೆ ತಪಾಸಣೆಗೆ ಬಂದ ಯಾವ ಸಾಹೇಬರೂ ನನ್ನನ್ನು ಅಷ್ಟು ಸಿಟ್ಟಿನಿಂದ ನೋಡಿರಲಿಲ್ಲ.

ನಾನು ಶೋಭಾ, ಗೋಕಾಕದ ಕಿರಾಣಿ ವ್ಯಾಪಾರದ ಮನೆತನದವಳು, ವೃತ್ತಿಯಿಂದ ಶಿಕ್ಷಕಿ. ನಾಗನೂರ ದಾಟಿ ಕಬ್ಬಿನ ಹೊಲಗಳ ನಡುವೆ ಒಳಗೆ ಹೋದರೆ ಹುಣಸಿತೋಟ ಸಿಗುತ್ತದೆ. ಊರು ಅನ್ನುವುದು ದೊಡ್ಡ ಮಾತಾಯಿತು, ಹೊಲಗಳಲ್ಲೇ ಮನೆ ಕಟ್ಟಿಕೊಂಡವರ ಒಂದು ಗುಂಪು. ಅಲ್ಲಿಯ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ, ಯಶೋಧರಾ ವಿಜ್ಞಾನ ಕಲಿಸುತ್ತಾಳೆ. ನಾನು ಗೋಕಾಕದಿಂದ ಬಸ್ಸು ಹಿಡಿದು ಮೂಡಲಗಿಗೆ ಬಂದರೆ ಅವಳು ಅಲ್ಲಿ ಜಾಗ ಹಿಡಿದು ಕಾಯುತ್ತಿರುತ್ತಾಳೆ. ಅಲ್ಲಿಂದ ಇಬ್ಬರೂ ಟಂಟಂ ಆಟೋ ಹತ್ತಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ ಧೂಳು ಕುಡಿಯುತ್ತಾ ಶಾಲೆ ಸೇರುತ್ತೇವೆ. ನನಗೆ ಹಕ್ಕಿಗಳ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಬಿಸಿಲಲ್ಲಿ ನಡೆಯುವುದಂತೂ ಮೊದಲೇ ಆಗದು. ಆದರೂ ಯಶೋಧರಾಳ ಬಗ್ಗೆ ಬರೆಯಲು ಕೂತಿದ್ದೇನೆ. ಯಾಕೆಂದರೆ ನಾನು ಕಂಡ ಶಿಕ್ಷಕರಲ್ಲಿ, ತಾನು ಕಲಿಸಿದ್ದನ್ನು ಮಕ್ಕಳ ಮುಂದೆಯೇ ಅಷ್ಟು ನುಂಗಿಕೊಂಡವರು ಇನ್ನೊಬ್ಬರಿಲ್ಲ.

ಅವಳ ತವರು ಅಂಕಲಗಿ. ಬಾಬಾಸಾಹೇಬರ ದಾರಿ ಹಿಡಿದು ಬೌದ್ಧರಾದ ಕುಟುಂಬ. ಅವರ ಓಣಿಯ ತುದಿಗೆ ಒಂದು ಮುದಿ ಆಲದಮರ ಇತ್ತಂತೆ, ಅದರ ತುಂಬ ಗೂಬೆಗಳು. ನಮ್ಮ ಕಡೆ ಗೂಬೆಗೆ ಗೂಗಿ ಅನ್ನುತ್ತೇವೆ. ಹಾಗಾಗಿ ಮೇಲಿನ ಓಣಿಯವರು ಇವರದಕ್ಕೆ ಗೂಗಿ ಓಣಿ ಎಂದು ಹೆಸರಿಟ್ಟಿದ್ದರು. ಹೆಸರಿನಲ್ಲಿ ಹಕ್ಕಿಗಿಂತ ತಾತ್ಸಾರವೇ ಹೆಚ್ಚಿತ್ತು. ಯಶೋಧರಾಳ ಅಪ್ಪ ಯಲ್ಲಾರಿ ಆ ಕಾಲಕ್ಕೆ ಓಣಿಯಲ್ಲಿ ಓದು ಬಲ್ಲ ಒಬ್ಬರೇ ಒಬ್ಬರು, ಮಾತಿನಲ್ಲಿ ಖಾರ. "ಗೂಗಿ ಬರೂದು ನಮ್ಮ ಮಾರಿ ನೋಡಾಕಲ್ಲ. ನಿಮ್ಮ ಜ್ವಾಳದ ಹಗೇದಾಗಿನ ಇಲಿ ತಿಂದು, ಆರಾಮ ಮಾಡಾಕ ಇಲ್ಲಿ ಬರತಾವ. ಅವಕ್ಕ ನಮ್ಮ ಓಣಿ ಶಾಂತ ಅನಸತೈತಿ," ಎಂದು ಎದುರಿಗೇ ಹೇಳುತ್ತಿದ್ದರಂತೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಜೆ ಹೊತ್ತು ಆಲದ ಕೆಳಗೆ ನಿಲ್ಲುತ್ತಿದ್ದರು. ಹೆದರುವ ವಯಸ್ಸಿನಲ್ಲಿ ಅವಳು ಗೂಗಿಗಳನ್ನು ಎಣಿಸುವುದು ಕಲಿತಳು.

ಅವಳ ಮೊದಲ ನೌಕರಿ ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ. ಹುಕ್ಕೇರಿಯ ಹಳೆಯ ಗುಮ್ಮಟಗಳಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ಗೋಡೆಯ ಬಿರುಕಿನಲ್ಲಿ ಗೂಗಿ ಕಂಡಿತು. ಮಕ್ಕಳು ಇತಿಹಾಸ ಮರೆತು ಮಧ್ಯಾಹ್ನವಿಡೀ ಅಲ್ಲೇ ನಿಂತರು. ಆವತ್ತೇ ಇದು ಶುರುವಾಯಿತು. ವರ್ಗವಾಗಿ ನಮ್ಮಲ್ಲಿಗೆ ಬಂದ ಮೇಲೆ ಪ್ರತಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ಇಷ್ಟವಿದ್ದ ಮಕ್ಕಳನ್ನು ಕರೆದುಕೊಂಡು ಹೊರಡುತ್ತಿದ್ದಳು. ಗೂಗಿ ಹುಡುಕಲು ಕತ್ತಲೆ ಬೇಕಿಲ್ಲ ಎಂಬುದು ನನಗೆ ಗೊತ್ತಾದದ್ದೇ ಅವಳಿಂದ. ನಡುಹಗಲಲ್ಲಿ ಕಾಗೆ, ಮೈನಾ, ಅಳಿಲು ಎಲ್ಲ ಸೇರಿ ಒಂದೇ ಟೊಂಗೆಗೆ ಮುಖ ಮಾಡಿ ಬೈಯುತ್ತಿದ್ದರೆ ಅಲ್ಲಿ ಯಾರೋ ಮಲಗಿದ್ದಾರೆ ಎಂದರ್ಥ. ಮಕ್ಕಳು ಆ ಜಗಳ ಕೇಳಿದರೆ ಸಾಕು, ಕಿವಿ ನೆಟ್ಟಗೆ ಮಾಡಿ ನಿಂತುಬಿಡುತ್ತಿದ್ದರು. ಗೂಗಿ ಇಲಿಯನ್ನು ಇಡಿಯಾಗಿ ನುಂಗಿ, ಕೂದಲು ಎಲುಬು ಅರಗದೆ ಉಂಡೆ ಮಾಡಿ ಉಗುಳುತ್ತದೆ. ಆ ಉಂಡೆಗಳನ್ನು ಆರಿಸಿ ತಂದು, ನೀರಲ್ಲಿ ನೆನೆಸಿ, ಗುಂಡುಸೂಜಿಯಿಂದ ಬಿಡಿಸಿ, ಇಲಿಯ ದವಡೆ, ಬೆನ್ನೆಲುಬುಗಳನ್ನು ಕಾಗದದ ಮೇಲೆ ಜೋಡಿಸುತ್ತಿದ್ದರು. ನನ್ನ ಕನ್ನಡ ತರಗತಿಯ ಮೇಜಿನ ಮೇಲೂ ಒಮ್ಮೆ ಒಂದು ಇಲಿಯ ತಲೆ ಇತ್ತು. ನಾನು ಕೂಗಿದ ಕೂಗಿಗೆ ಹೆಡ್ ಮಾಸ್ತರು ಓಡಿ ಬಂದಿದ್ದರು.

ಹುಣಸೆ ಪೊಟರೆಯ ಆ ಪುಟ್ಟ ಗೂಗಿಗೆ ನಮ್ಮ ಜನ ಹಾಲಕ್ಕಿ ಅನ್ನುತ್ತಾರೆ. ಹಾಲಕ್ಕಿ ನುಡಿದರೆ ಮನೆಯ ಭವಿಷ್ಯ ನುಡಿದಂತೆ ಎಂದು ಹಿರಿಯರ ನಂಬಿಕೆ. ಒಂದು ಮಗು ಅಂಜುತ್ತಾ ಕೇಳಿತು: "ಟೀಚರ್ರಿ, ಈಗ ಅದು ಯಾರ ಬಗ್ಗೆ ನುಡ್ಯಾಕತ್ತೈತ್ರಿ?" ಯಶೋಧರಾ ನಗದೆ ಹೇಳಿದಳು: "ನಿನ್ನ ಬಗ್ಗೆ ಅಲ್ಲಪಾ. ಬಾಜೂ ಕುಂತೈತಲ್ಲ, ಅದರ ಹೇಣ್ತಿ, ಅಕಿ ಬಗ್ಗೆ." ಆ ಮಗು ಅಂದಿನಿಂದ ಅಂಜುವುದು ಬಿಟ್ಟಿತು.

ಮಕ್ಕಳಲ್ಲಿ ಮುಂದಾಳು ಪೂನಮ್. ಆರನೇ ತರಗತಿ, ಕಬ್ಬು ಕಡಿಯುವವರ ಮಗಳು, ಮನೆ ಶಾಲೆಯ ಹಿಂಗೋಡೆಗೆ ಅಂಟಿಕೊಂಡಂತೆಯೇ ಇದೆ. ಯಶೋಧರಾ ಟೀಚರ್ ಹೇಳಿದ್ದೆಂದರೆ ಅವಳಿಗೆ ಕಲ್ಲಿನ ಮೇಲೆ ಬರೆದದ್ದು.

ಹೋದ ವರ್ಷ ದೀಪಾವಳಿ ಕಳೆದು ತಿಂಗಳಾಗಿ, ಕಬ್ಬಿನ ಕಟಾವು ಜೋರಾದಾಗ ನಮ್ಮ ಶಾಲೆಯ ಹಳೇ ಕೋಣೆಯಲ್ಲಿ ಸದ್ದು ಬಂತು. ಆ ಕೋಣೆಗೆ ಕಟ್ಟಿಗೆಯ ಅಟ್ಟವಿದೆ, ಹಿಂಗೋಡೆಯಲ್ಲಿ ಎತ್ತರಕ್ಕೆ ಒಂದು ಬೆಳಕಿಂಡಿ ಇದೆ. ಮಕ್ಕಳ ಕಥೆಪುಸ್ತಕಗಳೆಲ್ಲ ಅಲ್ಲಿದ್ದವು, ಅದೇ ನಮ್ಮ ಗ್ರಂಥಾಲಯ. ಅಟ್ಟದಿಂದ ಬುಸ್ ಬುಸ್ ಎಂದು ಕೇಳಿದ್ದೇ ತಡ, ಬಿಸಿಯೂಟದ ಫಕೀರವ್ವ ಸೌಟು ಕೈಯಲ್ಲಿಟ್ಟುಕೊಂಡೇ ಹೊರಗೆ ಓಡಿದಳು. "ನಾಗಪ್ಪ ಬಂದಾನ್ರಿ! ಅಟ್ಟದ ಮ್ಯಾಲ ನಾಗಪ್ಪ!"

ಊರಿನವರು ಸಿಟ್ಟಾಗಲಿಲ್ಲ, ಖುಷಿಯಾದರು. ಹೆಂಗಸರು ಬಟ್ಟಲಲ್ಲಿ ಹಾಲು ತಂದು ಹೊಸ್ತಿಲಿಗಿಟ್ಟರು, ಅರಿಶಿನ ಕುಂಕುಮ ಏರಿಸಿದರು. ಶಾಲಾ ಸಮಿತಿಯ ಅಧ್ಯಕ್ಷ ರಾಜಪ್ಪ, ದೊಡ್ಡ ಜಮೀನುದಾರ, ಮೀಸೆ ತಿರುವುತ್ತಾ "ಸಾಲಿಗೆ ಛಲೋ ಆಗೂ ಲಕ್ಷಣ ಐತಿ," ಎಂದ. ಹಾಲು ದಿನಾ ಬೆಕ್ಕಿನ ಪಾಲಾಗುತ್ತಿತ್ತು, ಅದು ಬೇರೆ ಮಾತು. ಹೆಡ್ ಮಾಸ್ತರು ಮಕ್ಕಳಿಗೆ ಆ ಕಡೆ ಸುಳಿಯಬೇಡಿ ಎಂದಷ್ಟೇ ಹೇಳಿ ಸುಮ್ಮನಾದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದೇ ಅವರ ಜೀವನ ಧರ್ಮ.

ಆದರೆ ಪೂನಮ್‌ಗೆ ಸಮಾಧಾನವಿಲ್ಲ. ಹಿಂಗೋಡೆಯ ಬೆಳಕಿಂಡಿಯ ಕೆಳಗೆ ಅವಳು ಬಿಳಿ ಕಲೆ ನೋಡಿದಳು, ಕಪ್ಪಗೆ ಹೊಳೆಯುವ ಉಂಡೆಗಳನ್ನು ಆರಿಸಿದಳು. ಬಿಡಿಸಿದರೆ ಒಳಗೆ ಇಲಿಯ ಎಲುಬು. ಇಡೀ ತರಗತಿಯ ಮುಂದೆ ನಿಂತು, "ಹಾವು ಎಲುಬು ಉಗುಳೂದಿಲ್ರಿ. ಇದು ನಾಗಪ್ಪ ಅಲ್ಲ, ಗೂಗಿ! ಮರಿ ಸೈತ ಅದಾವ, ಬುಸ್ ಅನ್ನೂದು ಅವ," ಎಂದಳು. ಯಶೋಧರಾಳ ಮುಖ ನೋಡಬೇಕಿತ್ತು. ಮಕ್ಕಳು ತನ್ನ ಸಹಾಯವಿಲ್ಲದೆ ಕಂಡುಹಿಡಿದ ಮೊದಲ ಗೂಡು ಅದು. ಚಪ್ಪಾಳೆ ತಟ್ಟಿಸಿದಳು. ಅವು ಕಣಜದ ಗೂಗಿ, ಅವುಗಳ ಮುಖವು ಕೊಯ್ದ ಪೇರಲ ಹಣ್ಣಿನ ಹೋಳಿನಂತಿರುತ್ತದೆ, ಮರಿಗಳು ಹಾರಲು ಎರಡು ತಿಂಗಳ ಮೇಲೆ ಬೇಕು ಎಂದು ವಿವರಿಸಿದಳು. ಶಾಲೆ ಬಿಟ್ಟೊಡನೆ ಮಕ್ಕಳು ಸುದ್ದಿ ಹೊತ್ತು ಮನೆಗೆ ಓಡಿದರು. ಅವರ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಸಂತೋಷ ಹೇಗೆ ನಿಂತೀತು?

ಮರುದಿನ ಬೆಳಿಗ್ಗೆ ಬಂದರೆ ಹೊಸ್ತಿಲಿನ ಹಾಲಿನ ಬಟ್ಟಲು ಮಾಯ. ಅದರ ಜಾಗದಲ್ಲಿ ಗಂಡಸರು ಕೋಲು ಹಿಡಿದು ನಿಂತಿದ್ದರು. ಒಬ್ಬನ ಕೈಯಲ್ಲಿ ಕಬ್ಬಿನ ಒಣ ಸೋಗೆಯ, ಅಂದರೆ ರವದಿಯ, ಹೊರೆ, ಹೊಗೆ ಹಾಕಲು.

ನಮ್ಮ ಕಡೆ ಮನೆಗೆ ಗೂಗಿ ಹೊಕ್ಕರೆ ಸಾವು ಹೊಕ್ಕಂತೆ. ರಾಜಪ್ಪನ ಧ್ವನಿ ಏರಿತ್ತು. "ಹೊಗಿ ಹಾಕಿ ಹೊರಗ ಕೆಡವೂದು, ಬಡ್ದು ಮುಗಸೂದು. ಆಮ್ಯಾಲ ಶಾಂತಿ ಮಾಡಸೂದು. ನಾಳಿಂದ ಕೋಣಿ ಚಾಲೂ ಆಗಬೇಕು. ಏನ್ರಿ ಅಕ್ಕೋರ, ನೀವು ವಿಜ್ಞಾನದವರು, ನೀವು ನಡೂ ಬರಬ್ಯಾಡ್ರಿ."

ಮಕ್ಕಳು ಯಶೋಧರಾಳ ಹಿಂದೆ ನಿಂತಿದ್ದರು, ಪೂನಮ್ ಅವಳ ಸೀರೆ ಹಿಡಿದಿದ್ದಳು. ನಾನು ಭಾಷಣಕ್ಕೆ ಕಾಯುತ್ತಿದ್ದೆ. ಮೂಢನಂಬಿಕೆ, ಇಲಿ, ರೈತನ ಮಿತ್ರ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿರುವ ವಿಷಯ. ಅವಳು ಭಾಷಣ ಮಾಡಲಿಲ್ಲ. ಗುಂಪಿನ ಅಂಚಿನಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅಲ್ಲವ್ವನ ಕಡೆ ತಿರುಗಿದಳು. ಅಲ್ಲವ್ವ ಹುಣಸಿತೋಟದ ಅತಿ ಹಿರಿಯ ಜೀವ. ಮದುವೆಯಿಂದ ಮಣ್ಣಿನವರೆಗೆ ಶಾಸ್ತ್ರ ಏನೆಂದು ಎಲ್ಲರೂ ಕೇಳುವುದು ಅವಳನ್ನೇ.

"ಆಯಿ, ಗೂಗಿ ಹೊಕ್ಕ ಮನಿಗೆ ಹಿಂದಿನವರು ಏನ ಮಾಡತಿದ್ರು?"

ಅಲ್ಲವ್ವ ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಮನಿ ಬಿಡತಿದ್ರವಾ. ಹೊರಗಿಂದ ಕೀಲಿ ಹಾಕೂದು. ಮೂರು ಅಮಾಸಿ ದಾಟೂತನಕ ಯಾರೂ ಕಾಲಿಡಬಾರದು. ಒಳಗಿದ್ದದ್ದು ಒಳಗ. ಅದಾಗೇ ಬಂದೈತಿ, ಅದಾಗೇ ಹೋಗಬೇಕು."

"ಬಡ್ದು ಹಾಕಿದ್ರ?"

"ಬಡೀತಾರಂತ! ಮನಿಯಾಗ ಗೂಗಿ ಜೀವ ಹೋದ್ರ ದೋಷ ಹೆಂಗ ಹೋದೀತು? ಅಲ್ಲೇ ಉಳೀತೈತಿ, ಏಳು ತಲಿಮಾರು." ಕೋಲು ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು.

"ಹಂಗಾದ್ರ ಶಾಸ್ತ್ರದ ಪ್ರಕಾರನ ಆಗಲಿ," ಎಂದಳು ಯಶೋಧರಾ. "ಕೀಲಿ ಹಾಕ್ರಿ."

ಸ್ವತಃ ಟೀಚರೇ ಶಾಸ್ತ್ರಕ್ಕೆ ತಲೆಬಾಗಿದ ಮೇಲೆ ರಾಜಪ್ಪ ಶಾಸ್ತ್ರದ ವಿರುದ್ಧ ನಿಲ್ಲುವುದು ಹೇಗೆ? ಬೀಗ ಬಿತ್ತು. ಕಥೆಪುಸ್ತಕಗಳೂ ಒಳಗೇ ಉಳಿದವು. ಕೀಲಿಕೈ ಅಲ್ಲವ್ವನ ಸೆರಗಿನ ತುದಿಗೆ ಗಂಟಾಯಿತು. ನಾನು ಆ ಕ್ಷಣಕ್ಕೇ ಎಲ್ಲ ಅರ್ಥ ಮಾಡಿಕೊಂಡೆ, ಮನಸ್ಸಿನಲ್ಲೇ ಅವಳಿಗೆ ಕೈಮುಗಿದೆ. ಮರಿಗಳಿಗೆ ಬೇಕಾದದ್ದು ಎರಡು ತಿಂಗಳು, ಜನ ತಾವಾಗಿಯೇ ಮೂರು ಕೊಟ್ಟಿದ್ದರು. ಯಾವ ಅರಣ್ಯ ಇಲಾಖೆಯ ಕಾವಲೂ ಅಷ್ಟು ಗಟ್ಟಿಯಲ್ಲ.

ಆದರೆ ಮಕ್ಕಳಿಗೆ ಅರ್ಥವಾಗಲಿಲ್ಲ. ಪೂನಮ್ ಸೀರೆಯ ಸೆರಗು ಬಿಟ್ಟಿದ್ದಳು.

ಆ ಮಧ್ಯಾಹ್ನ ತರಗತಿಯಲ್ಲಿ ಅವಳೇ ಎದ್ದು ನಿಂತು ಕೇಳಿದಳು: "ಟೀಚರ್ರಿ, ಗೂಗಿ ಕೆಟ್ಟದ್ದಲ್ಲ ಅಂತ ನೀವ ಹೇಳಿದ್ರಿ. ಮತ್ತ ಕೀಲಿ ಯಾಕ ಹಾಕ್ಸಿದ್ರಿ?"

ಯಶೋಧರಾ ಸೀಮೆಸುಣ್ಣ ಕೆಳಗಿಟ್ಟಳು. "ದೊಡ್ಡವರು ಹೇಳ್ಯಾರ, ಪೂನಮ್. ಒಮ್ಮೊಮ್ಮೆ ಕೇಳಬೇಕಾಗತೈತಿ."

"ನೀವೂ ಅಂಜಿದ್ರ್ಯಾ?"

ಅವಳು ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಕಡೆ ತಿರುಗಿದಳು. ಪೂನಮ್ ಕೂತಳು. ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದ ನನಗೆ ಅದೆಲ್ಲ ಗೋಡೆಯಾಚೆಗೂ ಕೇಳಿತು. ಟಂಟಂನಲ್ಲಿ ನಾನು ಅವಳನ್ನು ಬೈದೆ. "ಆ ಹುಡುಗರನ್ನ ಕರದು ಕಿವ್ಯಾಗ ಖರೇದ್ದು ಹೇಳಿಬಿಡು ಮಾರಾಯ್ತಿ."

"ಬ್ಯಾಡ್ರಿ ಅಕ್ಕಾ. ಒಮ್ಮೆ ಹೇಳಿದ್ದಕ್ಕ ಕೋಲು ಬಂದೂ. ಇನ್ನೊಮ್ಮೆ ಮಾತು ಹೊರಗ ಬಿದ್ರ, ಟೀಚರ್ ನಮ್ಮನ್ನ ಹುಚ್ಚರನ್ನ ಮಾಡಿದ್ಲು ಅಂತ ಅವತ್ತ ಸಂಜೀಗೆ ಹೊಗಿ ಹಾಕ್ತಾರ." ಹೊರಗೆ ನೋಡುತ್ತಾ ಹೇಳಿದಳು: "ಹುಡುಗೂರ ನನ್ನ ಮ್ಯಾಲ ಸಿಟ್ಟಾದ್ರ ಮುಂದ ಸಮಾಧಾನ ಮಾಡಬಹುದು. ಸತ್ತ ಮರಿ ತಿರಗಿ ಬರೂದಿಲ್ಲ."

ಸುದ್ದಿ ಅಂಕಲಗಿಗೂ ಹೋಯಿತು. ಒಂದು ದಿನ ಯಲ್ಲಾರಿ ಕಾಕಾ ಶಾಲೆಗೇ ಬಂದರು. ಬಿಳಿ ಅಂಗಿ, ಕೈಯಲ್ಲಿ ಮಡಿಸಿದ ಛತ್ರಿ, ನೆಟ್ಟಗಿನ ಬೆನ್ನು. ಬೀಗದ ಮುಂದೆ ನಿಂತು ಅದನ್ನೊಮ್ಮೆ ಛತ್ರಿಯ ತುದಿಯಿಂದ ಮುಟ್ಟಿದರು.

"ಇದನ್ನ ನೀನ ಹಾಕ್ಸಿದ್ಯಾ?"

"ಹೌದಪಾ."

"ನಮಗ ಗೂಗಿ ಓಣಿಯವರು ಅಂತ ಹೆಸರಿಟ್ಟು ದೂರ ನಿಲ್ಲಸಿದ ಮಂದಿ ಇದ್ರು. ಅಂಥಾ ಮಂದಿ ಶಾಸ್ತ್ರಕ್ಕ ನನ್ನ ಮಗಳು ಕೀಲಿ ಹಾಕಿದ್ಲು."

"ಅಪ್ಪಾ, ಒಳಗ ಮರಿ ಅದಾವ. ಅವತ್ತು ವಾದ ಮಾಡಿದ್ರ ನಾ ಗೆಲ್ಲತಿದ್ನೋ ಏನೋ, ಅವು ಸಾಯ್ತಿದ್ದೂ."

"ಅದು ನಿನಗ ಗೊತ್ತೈತಿ. ಹುಡುಗೂರಿಗೆ ಗೊತ್ತೈತೇನು?"

"ಇಲ್ಲ."

"ಮತ್ತ ಅವು ಏನ ಕಲತೂ? ಟೀಚರ್ ಸುದ್ದಾ ಅಂಜತಾರ ಅಂತ ಕಲತೂ." ನಾನು ಮಾಡಿ ತಂದ ಚಹಾ ಮುಟ್ಟದೆ ಹೊರಟುಹೋದರು. ಅಪ್ಪನ ಬೆನ್ನನ್ನು ನೋಡುತ್ತಾ ಯಶೋಧರಾ ಕಂಬಕ್ಕೆ ಒರಗಿ ನಿಂತಳು. ಮುದುಕರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಶನಿವಾರದ ತಿರುಗಾಟಕ್ಕೆ ಮಕ್ಕಳು ಕಡಿಮೆಯಾಗುತ್ತಾ ಬಂದರು. ಒಬ್ಬನಿಗೆ ಆಡು ಕಾಯುವುದಿರುತ್ತಿತ್ತು, ಒಬ್ಬಳ ಮನೆಗೆ ಅತ್ತೆ ಬರುತ್ತಿದ್ದಳು, ಲಖನ ಎಂಬ ಹುಡುಗನಿಗೆ ಪ್ರತಿ ಶನಿವಾರ ತಪ್ಪದೆ ಹೊಟ್ಟೆನೋವು. ಪೂನಮ್ ನೆಪ ಹೇಳುವ ಗೋಜಿಗೂ ಹೋಗಲಿಲ್ಲ, ಬರಲಿಲ್ಲ ಅಷ್ಟೇ. ಕೊನೆಗೆ ಹುಣಸೆ ಮರದ ಕೆಳಗೆ ಯಶೋಧರಾ ಜೊತೆ ನಿಲ್ಲುವವಳು ನಾನೊಬ್ಬಳೇ ಆದೆ. ನನ್ನಂಥ ವಿದ್ಯಾರ್ಥಿನಿ ಸಿಕ್ಕರೆ ಯಾವ ಟೀಚರಿಗೆ ತಾನೇ ಉತ್ಸಾಹ ಉಳಿಯುತ್ತದೆ?

ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು ಶುರುವಾಯಿತು. ಬೀಗ ಹಾಕಿದ ಹೊಸತರಲ್ಲಿ ಅವಳು ದಿನಾ ಬಂದ ಕೂಡಲೇ ಹಿಂಗೋಡೆಯ ಕಡೆ ಒಂದು ಸುತ್ತು ಹೋಗುತ್ತಿದ್ದಳು. ಬೆಳಕಿಂಡಿಯ ಕೆಳಗೆ ಹೊಸ ಬಿಳಿ ಕಲೆ, ಹೊಸ ಉಂಡೆ ಕಂಡರೆ ಅವಳ ಆ ದಿನ ಒಳ್ಳೆಯದು. ಕೆಲವೇ ದಿನಗಳಲ್ಲಿ ಅಲ್ಲಿ ಏನೂ ಕಾಣದಾಯಿತು. ನೆಲ ಬೋಳು, ಗೋಡೆಯೂ ಚೊಕ್ಕ. ಒಂದು ವಾರ ಹಾಗೆಯೇ, ಮತ್ತೊಂದು ವಾರವೂ ಹಾಗೆಯೇ, ತಿಂಗಳು ಉರುಳಿದರೂ ಹಾಗೆಯೇ. ಹಗಲು ಹೊತ್ತು ಒಳಗಿನಿಂದ ಸದ್ದೂ ಇಲ್ಲ.

"ಗೂಗಿ ಇದ್ದಲ್ಲಿ ಗುರುತು ಬೀಳಲೇಬೇಕು, ಅಕ್ಕಾ," ಎಂದಳು. ಧ್ವನಿ ಬತ್ತಿತ್ತು. "ಯಾರೋ ಬೆಳಕಿಂಡ್ಯಾಗಿಂದ ಏನರ ಹಾಕಿ ಕೊಂದಾರ. ಇಲ್ಲಾ, ತಾಯಿ ಬಿಟ್ಟು ಹೋಗೈತಿ, ಮರಿ ಒಳಗ ಉಪಾಸ ಸತ್ತಾವ."

ಅಲ್ಲವ್ವನ ಬಳಿ ಹೋಗಿ ಒಮ್ಮೆ ಬಾಗಿಲು ತೆಗೆಸಿ ಎಂದು ಬೇಡಿಕೊಂಡಳು. ಅಲ್ಲವ್ವ ಸೆರಗಿನ ಗಂಟನ್ನು ಇನ್ನೂ ಬಿಗಿ ಮಾಡಿದಳು. "ಮೂರು ಅಮಾಸಿ ಅಂದ್ರ ಮೂರು ಅಮಾಸಿ, ಅಕ್ಕೋರ. ಶಾಸ್ತ್ರ ನೀವ ಒಪ್ಪೀರಿ." ತಾನು ಹೆಣೆದ ಬಲೆಯಲ್ಲಿ ತಾನೇ ಸಿಕ್ಕಿಬಿದ್ದಿದ್ದಳು. ಮರಿಗಳಿಗಾಗಿ ಮಕ್ಕಳ ವಿಶ್ವಾಸ ಕಳೆದುಕೊಂಡಳು, ಅಪ್ಪನ ಮುಂದೆ ತಲೆತಗ್ಗಿಸಿದಳು, ಈಗ ಮರಿಗಳೂ ಇಲ್ಲವೆಂದರೆ ಅವಳಿಗೆ ಉಳಿದದ್ದೇನು? ಟಂಟಂನಲ್ಲಿ ಒಂದು ಸಂಜೆ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು. ನಾನು ಕಂಡೂ ಕಾಣದವಳಂತೆ ಚೀಲದಲ್ಲಿದ್ದ ಕರದಂಟು ಮುರಿದು ಕೈಗಿಟ್ಟೆ. ನನಗೆ ಬರುವ ಸಾಂತ್ವನ ಅಷ್ಟೇ.

ಮಹಾಶಿವರಾತ್ರಿ ಇನ್ನೇನು ಹತ್ತಿರ ಬಂದಿತ್ತು. ಮೂಡಲಗಿಯಲ್ಲಿ ನಮ್ಮ ನೆಂಟರ ಮನೆಯ ಕಾರ್ಯಕ್ಕೆ ಬಂದವಳು ಆ ಶುಕ್ರವಾರ ಯಶೋಧರಾಳ ಮನೆಯಲ್ಲೇ ಉಳಿದೆ. ನಸುಕಿನಲ್ಲಿ ಎಬ್ಬಿಸಿದಳು. ಶನಿವಾರದ ಬೆಳಗಿನ ಶಾಲೆಗೆ ಇನ್ನೂ ಬಹಳ ಹೊತ್ತಿತ್ತು. "ಅಕ್ಕಾ, ಹಾಲಿನ ಗಾಡಿ ಹೋಗತೈತಿ, ಬರ್ರಿ. ಬೆಳಕ ಹರಿಯೂ ಹೊತ್ತಿಗೆ ಗೂಗಿ ಗೂಡಿಗೆ ತಿರಗತಾವ. ಬಂದ್ರ ಅದಾವ, ಬರದಿದ್ರ ಇಲ್ಲ. ಇವತ್ತ ಒಂದ ತೀರ್ಮಾನ ಆಗಲಿ." ಹಾಲಿನ ಕ್ಯಾನುಗಳ ನಡುವೆ ಕೂತು, ಚಳಿಗೆ ಹಲ್ಲು ಕಟಕಟಿಸುತ್ತಾ, ಅವಳ ವಂಶವನ್ನೆಲ್ಲ ಶಪಿಸುತ್ತಾ ಹೋದೆ.

ಶಾಲೆ ತಲುಪಿದಾಗ ಮೂಡಣದಲ್ಲಿ ಬರೀ ಬಿಳುಪು. ಹಿಂದಿನ ಕಡೆಯಿಂದ ಪರ ಪರ ಎಂಬ ಸದ್ದು. ನಾನು ಅವಳ ತೋಳು ಹಿಡಿದೆ. ಇಬ್ಬರೂ ಅಡುಗೆಮನೆಯ ಗೋಡೆಯ ಮರೆಯಿಂದ ಇಣುಕಿದೆವು.

ಪೂನಮ್ ಕಸಬರಿಗೆ ಹಿಡಿದು ಬೆಳಕಿಂಡಿಯ ಕೆಳಗಿನ ನೆಲ ಗುಡಿಸುತ್ತಿದ್ದಳು. ಲಖನ ಉದ್ದನೆಯ ಕೋಲಿಗೆ ಗೋಣಿಚೀಲ ಸುತ್ತಿ, ಬಕೆಟಿನಲ್ಲಿ ಅದ್ದಿ ಅದ್ದಿ ಗೋಡೆಯ ಮೇಲಿನ ಬಿಳಿ ಕಲೆ ಒರೆಸುತ್ತಿದ್ದ. ಇನ್ನಿಬ್ಬರು ಬಾಗಿಕೊಂಡು ಉಂಡೆಗಳನ್ನು ಆರಿಸಿ ಡಬ್ಬಿಗೆ ತುಂಬುತ್ತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಯಶೋಧರಾ ಮರೆಯಿಂದ ಹೊರಗೆ ಬಂದಳು.

ಮಕ್ಕಳು ಕಲ್ಲಾದರು. ಪೂನಮ್ ಕಸಬರಿಗೆಯನ್ನು ಬೆನ್ನ ಹಿಂದೆ ಅಡಗಿಸಿದಳು.

"ಏನ ಮಾಡಾಕತ್ತೀರಿ?"

"ಕಸಾ ಹೊಡ್ಯಾಕತ್ತೇವ್ರಿ," ಎಂದಳು ಪೂನಮ್. "ಸಾಲಿ ಸ್ವಚ್ಛ ಇರಬೇಕಲ್ರಿ."

ಆಗ ಮೇಲಿನಿಂದ ಬುಸ್ ಎಂದಿತು. ನಾವೆಲ್ಲರೂ ತಲೆ ಎತ್ತಿದೆವು. ಬೆಳಕಿಂಡಿಯ ಅಂಚಿನಲ್ಲಿ ಒಂದು ಬಿಳಿ ಮುಖ ನಮ್ಮನ್ನೇ ನೋಡುತ್ತಿತ್ತು. ಕತ್ತಿನ ಸುತ್ತ ಇನ್ನೂ ಮರಿತನದ ತುಪ್ಪಳ.

ಯಶೋಧರಾ ಒಂದು ಹೆಜ್ಜೆ ಮುಂದಿಟ್ಟಳು. ಪೂನಮ್ ಕಸಬರಿಗೆ ಬಿಸಾಡಿ ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಳು. "ಟೀಚರ್ರಿ, ಯಾರಿಗೂ ಹೇಳಬ್ಯಾಡ್ರಿ. ಉಳಿದಾವು ಹಾರ್ಯಾವ, ಇದೊಂದ ಉಳದೈತಿ. ನಿಮಗ ಅಂಜಿಕಿ ಬರತಿದ್ರ ಈ ಕಡೆ ಬರಬ್ಯಾಡ್ರಿ. ನಾವ ನೋಡ್ಕೋತೇವಿ."

ಯಶೋಧರಾ ಅಲ್ಲೇ, ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ನನ್ನ ಕಥೆಯೂ ಅದೇ ಆಗಿತ್ತು, ಸುಳ್ಳೇಕೆ ಹೇಳಲಿ. ಗುರುತು ನೋಡಿ ಗೂಗಿ ಹುಡುಕುವುದನ್ನು ಅವಳು ಕಲಿಸಿದ್ದಳು. ಗುರುತು ಅಳಿಸಿ ಗೂಗಿ ಉಳಿಸುವುದನ್ನು ಅವರು ತಾವೇ ಕಲಿತಿದ್ದರು, ಅದೂ ಅವಳ ಕಣ್ಣಿಗೇ ಬೀಳದಂತೆ.

ಕೂತಲ್ಲಿಂದಲೇ ಅವಳು ಎಲ್ಲ ಹೇಳಿದಳು. ಕೋಲು, ರವದಿ, ಅಲ್ಲವ್ವನ ಮಾತು, ಬೀಗ ಯಾಕೆ ಹಾಕಿಸಿದ್ದು. ಮಕ್ಕಳು ನಂಬಲೋ ಬೇಡವೋ ಎಂಬಂತೆ ಕೇಳಿದರು. ಲಖನ ನನ್ನ ಕಡೆ ತಿರುಗಿ "ಖರೇನರಿ?" ಎಂದ. "ಖರೇನ," ಎಂದೆ.

"ಮತ್ತ ನಮಗ್ಯಾಕ ಹೇಳಲಿಲ್ರಿ?" ಪೂನಮ್‌ಳ ಕೈ ಇನ್ನೂ ಗೋಡೆಯ ಮೇಲಿತ್ತು.

"ನೀವು ಮನ್ಯಾಗ ಹೇಳತೀರಿ ಅಂತ ಅಂಜಿದೆ."

"ಒಮ್ಮೆ ಹೇಳಿ ಏನಾತು ಅಂತ ನಾವು ನೋಡೇವಲ್ರಿ! ಅವತ್ತಿಂದ ನಮ್ಮವ್ವಗ ಸೈತ ಹೇಳಿಲ್ಲ." ಈಗ ಅವಳಿಗೆ ಅಳು ಬಂತು. "ನೀವು ಅಂಜಿದ್ರಿ ಅಂತ ನಾ ಎಷ್ಟ ಸಿಟ್ಟಾಗಿದ್ದೆ ಗೊತ್ತೇನ್ರಿ?"

"ಗೊತ್ತೈತಿ," ಎಂದಳು ಯಶೋಧರಾ. "ನಿಮ್ಮನ್ನ ನಂಬಬೇಕಿತ್ತು. ನಂದು ತಪ್ಪಾತು, ಪೂನಮ್."

ನಮ್ಮ ಕಡೆ ಟೀಚರು ಮಕ್ಕಳ ಮುಂದೆ ಆ ಮಾತು ಆಡುವುದಿಲ್ಲ. ನಾನಂತೂ ಆಡಿಲ್ಲ. ಅಷ್ಟರಲ್ಲಿ ಮೇಲಿನ ಮರಿ ರೆಕ್ಕೆ ಬಿಚ್ಚಿತು, ಮುದುರಿತು, ಮತ್ತೆ ಬಿಚ್ಚಿತು, ಜಾರಿದಂತೆ ಕೆಳಗಿಳಿದು ನಮ್ಮ ತಲೆಯ ಮೇಲಿಂದ ಹಾದುಹೋಯಿತು. ಚೂರೂ ಸದ್ದಿಲ್ಲ. ಕಡಿದ ಕಬ್ಬಿನ ಹೊಲ ದಾಟಿ ಪೂನಮ್ ಮನೆಯಾಚೆಯ ಬೇವಿನ ಮರದಲ್ಲಿ ಕೂತಿತು. ಯಾರೂ ಕೂಗಲಿಲ್ಲ. ಲಖನ ಮಾತ್ರ ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟ.

ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಯಶೋಧರಾ ಅಂಕಲಗಿಗೆ ಫೋನ್ ಮಾಡಿದಳು. ಮಕ್ಕಳು ಗುಡಿಸಿದ್ದು, ಒರೆಸಿದ್ದು, ತನ್ನನ್ನು ತಡೆದದ್ದು ಎಲ್ಲ ಹೇಳಿದಳು. "ಆ ಹುಡುಗೀನ ನಾ ನೋಡಬೇಕು," ಎಂದರಂತೆ ಯಲ್ಲಾರಿ ಕಾಕಾ. ಆಮೇಲೆ, "ಅವತ್ತಿನ ಚಹಾನೂ ಉಳದೈತಿ," ಎಂದರಂತೆ.

ಅವಳು ಫೋನ್ ಇಡುವ ಹೊತ್ತಿಗೆ ಆ ನಾಲ್ಕೂ ಮಕ್ಕಳು ತುಸು ದೂರದಲ್ಲಿ ತಲೆಗೆ ತಲೆ ಕೊಟ್ಟು ಪಿಸುಗುಟ್ಟುತ್ತಿದ್ದರು. ಒಬ್ಬ ತಲೆಯಾಡಿಸುತ್ತಿದ್ದ, ಇನ್ನೊಬ್ಬಳು ಅವನ ತೋಳು ಚಿವುಟುತ್ತಿದ್ದಳು. ಕೊನೆಗೆ ಪೂನಮ್ ಬಂದು ಯಶೋಧರಾಳ ಎದುರು ನಿಂತಳು.

"ಟೀಚರ್ರಿ, ಕೆನಾಲ್ ಆ ಕಡೆ ಇನ್ನೊಂದ ಜೋಡಿ ಐತ್ರಿ. ಶನಿವಾರ ನಿಮ್ಮ ಕೂಡ ಬರದಾಗ ನಾವ ಹುಡುಕೇವಿ. ನಿಮಗ ತೋರಸಬೇಕೋ ಬ್ಯಾಡೋ ಅಂತ ಮಾತಾಡಿದ್ವಿ."

ಯಶೋಧರಾ ಎದ್ದು ನಿಂತಳು. ಪರೀಕ್ಷೆಯ ಫಲಿತಾಂಶ ಕೇಳುವವರು ಹಾಗೆ ನಿಲ್ಲುತ್ತಾರೆ. "ಏನ ಠರಾವ್ ಆತು?"

"ಲಖನ ಬ್ಯಾಡ ಅಂದ. ಉಳಿದವರು ಹೂಂ ಅಂದೇವಿ. ನಾಳೆ ಬರ್ರಿ. ಆದ್ರ ಮುಂದ ನಾವು, ಹಿಂದ ನೀವು."

"ಆತು," ಎಂದಳು ಯಶೋಧರಾ.

ಮರುದಿನ ಭಾನುವಾರ. ನಾನು ಹೋಗಲಿಲ್ಲ. ನನ್ನ ಬಗ್ಗೆ ಆ ಸಭೆಯಲ್ಲಿ ಏನೂ ಠರಾವಾಗಿರಲಿಲ್ಲ. ಯಶೋಧರಾ ಮೊದಲ ಗಾಡಿಗೇ ಹೋದಳಂತೆ, ಲಖನನ ಹಿಂದೆ, ಸಾಲಿನಲ್ಲಿ ಎಲ್ಲರಿಗಿಂತ ಕೊನೆಯವಳಾಗಿ, ತುಟಿ ಪಿಟಕ್ಕೆನ್ನದೆ ನಡೆದಳಂತೆ.